ಬ್ಯಾನರ್, ವೆಬ್‌ಸೈಟ್ ಮಾಡಿಸುವ ಮುಂಚೆ ನಮ್ಮ ಶಾಲೆಯ ‘ಪ್‌ರಾಥಮಿಕ’ ಕತೆ ಕೇಳಿ

ತೀರ್ಥಹಳ್ಳಿ ಕಡೆಯ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ 2024ಕ್ಕೆ ನೂರು ತುಂಬಿತು. ನಾನಿರುವುದು ಮೈಸೂರಿನಲ್ಲಿ, ಬ್ಯಾಂಕ್ ಕೆಲಸ. ಹಳೆ ವಿದ್ಯಾರ್ಥಿಗಳ ಸಮಿತಿಯವರು ‘ನಿನಗೆ ಕಂಪ್ಯೂಟರ್ ಗೊತ್ತಲ್ವಾ’ ಎಂದು ವೆಬ್‌ಸೈಟ್, ಆಮಂತ್ರಣ, ಬ್ಯಾನರ್, ಸ್ಮರಣ ಸಂಚಿಕೆಯ ಮುಖಪುಟ ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿದರು. ದಿನಾ ಕಂಪ್ಯೂಟರ್ ಮುಂದೆ ಕೂರುವುದಕ್ಕೂ ಡಿಸೈನ್ ಮಾಡಿಸುವುದಕ್ಕೂ ಸಂಬಂಧವಿಲ್ಲ ಅಂತ ಆಗ ನನಗೂ ಹೊಳೆಯಲಿಲ್ಲ. ಒಟ್ಟು 31,000 ರೂಪಾಯಿ ಖರ್ಚಾಯಿತು. ಅಡಿಕೆ ಮಾರಿದವರು, ಪೆನ್ಶನ್ ಬಂದವರು ನೂರು ಇನ್ನೂರು ಸೇರಿಸಿ ಕೊಟ್ಟ ದುಡ್ಡು ಅದು. ಅದರಲ್ಲಿ ಮುಕ್ಕಾಲು ಪಾಲು ನೀರಿಗೆ ಹೋಯಿತು. ಕೆಲಸ ಮಾಡಿದವರ ಹೆಸರು ಹೇಳುವುದಿಲ್ಲ. ತಪ್ಪಿನಲ್ಲಿ ಅರ್ಧ ನನ್ನದೇ.

ಮೊದಲು ಬ್ಯಾನರ್.

ಕಾರ್ಯಕ್ರಮ ಫೆಬ್ರವರಿ 11ರ ಭಾನುವಾರ ಎಂದು ಗೊತ್ತಾಗಿತ್ತು. ಬೆಂಗಳೂರಿನ ಡಿಸೈನರ್ ಬ್ಯಾನರ್ ಮಾಡಿ ಕಳಿಸಿದರು. ನೋಡಲು ಲಕ್ಷಣವಾಗಿತ್ತು. ನಾಲ್ಕು ಜನ ನೋಡಿ ಸೈ ಅಂದೆವು. ಅಷ್ಟರಲ್ಲಿ ಮುಖ್ಯ ಅತಿಥಿಗಳಿಗೆ ಬರಲಾಗದೆ ದಿನಾಂಕ 18ಕ್ಕೆ ಹೋಯಿತು. ಡಿಸೈನರ್‌ಗೆ ಫೋನ್ ಮಾಡಿದರೆ, ‘ಮೇಡಂ, ಫೋಟೋಶಾಪ್ ಫೈಲೇ ಕಳಿಸಿಬಿಡ್ತೀನಿ, ಪ್ರಿಂಟ್ ಮಾಡೋರೇ ಡೇಟ್ ಬದಲಾಯಿಸ್ತಾರೆ, ಎರಡು ನಿಮಿಷದ ಕೆಲಸ’ ಅಂದರು. ನಿಜಕ್ಕೂ ಎರಡೇ ನಿಮಿಷದ ಕೆಲಸ. ಪ್ರಿಂಟ್ ಅಂಗಡಿಯವರು ಅಂದೇ ಸಂಜೆ ಮುದ್ರಿಸಿ ಬಸ್ಸಿಗೆ ಹಾಕಿದರು.

18ರ ಬೆಳಿಗ್ಗೆ ಏಳು ಗಂಟೆಗೆ ಹುಡುಗರು ವೇದಿಕೆಯ ಹಿಂದೆ ಹನ್ನೆರಡು ಅಡಿ ಬಟ್ಟೆಯನ್ನು ಬಿಚ್ಚಿ ಕಟ್ಟಿದರು. ನಮ್ಮ ನಿವೃತ್ತ ಮೇಷ್ಟ್ರು ಕನ್ನಡಕ ಮೇಲೇರಿಸಿ ಓದಿದರು: ‘ಹಿರಿಯ ಪ್‌ರಾಥಮಿಕ ಶಾಲೆ. ಶತಮಾನೋತ್‌ಸವ. ಸರ್‌ವರಿಗೂ ಸ್‌ವಾಗತ.’ ಓದಿ ನನ್ನ ಕಡೆ ತಿರುಗಿ, ‘ಒತ್ತಕ್ಷರ ನಾನೇ ಕಲಿಸಿದ್ದೆನಲ್ಲ ನಿಂಗೆ’ ಅಂದರು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು.

ಆದದ್ದು ಇಷ್ಟು. ಡಿಸೈನರ್ ಬಳಸಿದ ಫಾಂಟ್ ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಹಾಗಿದ್ದರೂ ಫೈಲ್ ತೆರೆದಾಗ ಚಿತ್ರ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಮೊದಲು ಬಿಡಿಸಿಟ್ಟ ರೂಪವನ್ನೇ ಫೋಟೋಶಾಪ್ ತೋರಿಸುತ್ತಿರುತ್ತದೆ. ಅಕ್ಷರವನ್ನು ಮುಟ್ಟಿದ ಕ್ಷಣ ಅದು ಇರುವ ಬೇರೆ ಫಾಂಟ್ ಹಾಕಿಕೊಂಡು ಆ ಸಾಲುಗಳನ್ನು ಹೊಸದಾಗಿ ಬರೆಯುತ್ತದೆ. ನಮ್ಮ ಬ್ಯಾನರಿನಲ್ಲಿ ಶಾಲೆಯ ಹೆಸರು, ಸ್ವಾಗತ, ದಿನಾಂಕ ಎಲ್ಲ ಒಂದೇ ಪಠ್ಯದ ಪದರದಲ್ಲಿದ್ದವು. ಅಂಗಡಿಯದು ಹಳೆಯ ಫೋಟೋಶಾಪ್ ಬೇರೆ. ಯುನಿಕೋಡ್ ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಅಕ್ಷರ ಸಂಕೇತಗಳ ಪದ್ಧತಿ. ಅದರ ಕನ್ನಡದಲ್ಲಿ ‘ಪ್ರಾ’ ಎಂಬುದು ಪ, ವಿರಾಮ, ರ, ದೀರ್ಘ ಎಂದು ನಾಲ್ಕು ಸಂಕೇತಗಳ ಸಾಲು. ಅದನ್ನು ಒತ್ತಾಗಿ ಕೂಡಿಸುವುದು ತಂತ್ರಾಂಶದ ಕೆಲಸ. ಅದಕ್ಕೆ ಬರದಿದ್ದರೆ ‘ಪ್‌ರಾ’ ಎಂದು ಬಿಡಿಸಿ ಇಡುತ್ತದೆ. ಆಮೇಲಿನ ಕೆಲವು ಫೋಟೋಶಾಪ್ ಆವೃತ್ತಿಗಳಲ್ಲೂ ಪ್ರಿಫರೆನ್ಸಸ್ ಒಳಗೆ ಟೈಪ್ ಎಂಬಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸದಿದ್ದರೆ ಇದೇ ಗತಿಯಾಗುತ್ತಿತ್ತು. ಅದಕ್ಕೂ ಸ್ವಲ್ಪ ಹಿಂದಿನ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಎಂದು ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ಸಿಗುತ್ತದೆ. ತಮಾಷೆ ಏನೆಂದರೆ, ಬಿಟ್ಟಿಯಾಗಿ ಸಿಗುವ ಇಂಕ್‌ಸ್ಕೇಪ್, ಗಿಂಪ್‌ಗಳಲ್ಲಿ ಇದ್ಯಾವ ರಗಳೆಯೂ ಇಲ್ಲ. ಯುನಿಕೋಡ್ ಫಾಂಟ್ ಹಾಕಿ ಕನ್ನಡ ಟೈಪ್ ಮಾಡಿದರೆ ಒತ್ತು ಸುಮ್ನೆ ಬಂದು ಕೂರುತ್ತದೆ.

ಹಾಗಾಗಿ ಪ್ರಿಂಟಿಗೆ ಕೊಡುವಾಗ ತಿದ್ದಬಹುದಾದ ಫೈಲ್ ಕೊಡಬೇಡಿ. ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿದ ಪಿಡಿಎಫ್ ಕೊಡಿ. ಔಟ್‌ಲೈನ್ ಅಂದರೆ ಅಕ್ಷರ ಅಕ್ಷರವಾಗಿ ಉಳಿಯದೆ ಬರೀ ಗೆರೆಯ ಆಕಾರವಾಗುತ್ತದೆ, ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ತಿದ್ದಬೇಕಾದರೆ ಮಾಡಿದವರ ಹತ್ತಿರವೇ ತಿದ್ದಿಸಿ. ಎರಡು ನಿಮಿಷವಾಗಲಿ, ಎರಡು ದಿನವಾಗಲಿ. ಮತ್ತೆ, ಒಂದು ಸಂಖ್ಯೆ ಬದಲಾದರೂ ಹೊಸ ಪ್ರೂಫ್ ಕೇಳಿ, ಮೊದಲಿಂದ ಕೊನೆವರೆಗೆ ಇನ್ನೊಮ್ಮೆ ಓದಿ. ನಾನು 18 ಅನ್ನೋದು ಸರಿ ಇದೆಯಾ ಅಂತ ಫೋನಿನಲ್ಲಿ ಕೇಳಿದೆ, ಸರಿ ಇದೆ ಅಂದರು. ಪಾಪ, 18 ಸರಿಯಾಗಿಯೇ ಇತ್ತು.

ಇನ್ನು ವೆಬ್‌ಸೈಟ್. ಇದರ ಕತೆ ಇನ್ನೂ ದೊಡ್ಡದು, ಯಾಕೆಂದರೆ ಇದು ಕೆಟ್ಟಿದೆ ಅಂತ ಗೊತ್ತಾಗುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು.

ಡಿಸೈನರ್‌ಗೆ ನಾನು ಹೇಳಿದ್ದು ಒಂದೇ ಮಾತು: ‘ಚೆನ್ನಾಗಿ ಕಾಣಬೇಕು.’ ಚೆನ್ನಾಗಿಯೇ ಕಾಣುತ್ತಿತ್ತು. ಹಳದಿ, ಕೆಂಪು, ಹಿನ್ನೆಲೆಯಲ್ಲಿ ಮಳೆಗಾಲದ ಬೆಟ್ಟ. ಶಾಲೆಯ ಇತಿಹಾಸ, ಶಿಕ್ಷಕರ ಪಟ್ಟಿ, ದಾನಿಗಳ ಪಟ್ಟಿ, ಎಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ, ಮನೆಯ ವೈಫೈನಲ್ಲಿ ಸೊಗಸಾಗಿತ್ತು. 18,000 ಕೊಟ್ಟೆ.

ಮೊದಲ ಫೋನ್ ಬಂದದ್ದು ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಒಬ್ಬ ಹಳೆ ವಿದ್ಯಾರ್ಥಿಯಿಂದ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಫೋನಿನಲ್ಲಿ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಕನ್ನಡ ಪತ್ರಿಕೆಗಳನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ‘ಅಕ್ಕಾ, ಶಾಲೆಯ ಇತಿಹಾಸ ಓದೋಣ ಅಂತ ಹೋದೆ. ಬರೀ ಚಿತ್ರ, ಚಿತ್ರ ಅಂತಿದೆ. ಆಮೇಲೆ ಐಎಂಜಿ ಅಂತ ಶುರು ಮಾಡಿ ಉದ್ದಕ್ಕೆ ನಂಬರ್ ಓದ್ತು. ಬರಹ ಎಲ್ಲಿದೆ?’ ಅಂದ. ಬರಹ ಇರಲೇ ಇಲ್ಲ. ಡಿಸೈನರ್ ಪ್ರತಿ ಪುಟವನ್ನೂ ಪೋಸ್ಟರ್ ಹಾಗೆ ಫೋಟೋಶಾಪಿನಲ್ಲಿ ಮಾಡಿ, ಜೆಪೆಗ್ ಮಾಡಿ, ಒಂದರ ಕೆಳಗೊಂದು ಅಂಟಿಸಿದ್ದರು. ಮುಖಪುಟವೊಂದರಲ್ಲೇ ಒಂಬತ್ತು ಚಿತ್ರ, ಸೇರಿ 14 ಎಂಬಿ. ಊರಿನಲ್ಲಿ ಒಂದು ಕಡ್ಡಿ ಸಿಗ್ನಲ್ ಬರಬೇಕಾದರೆ ಬಸ್ ಸ್ಟ್ಯಾಂಡಿನ ಕಟ್ಟೆ ಹತ್ತಬೇಕು. ಅಲ್ಲಿ ನಿಂತು ತೆರೆದವರಿಗೆ ಬೆಟ್ಟದ ತುದಿ ಮಾತ್ರ ಕಾಣುತ್ತಿತ್ತಂತೆ.

ಒಂದೊಂದೇ ಹೊರಗೆ ಬರತೊಡಗಿತು. ಶಾಲೆಯ ಪೂರ್ತಿ ಹೆಸರು ಟೈಪ್ ಮಾಡಿ ಗೂಗಲ್‌ನಲ್ಲಿ ಹುಡುಕಿದರೂ ನಮ್ಮ ಸೈಟ್ ಸಿಗುವುದಿಲ್ಲ, ಯಾಕೆಂದರೆ ಹುಡುಕಲು ಅಲ್ಲಿ ಪದವೇ ಇಲ್ಲ. ಮಸ್ಕತ್‌ನಲ್ಲಿರುವ ಗೆಳತಿಗೆ ದೇಣಿಗೆಯ ಖಾತೆ ಸಂಖ್ಯೆ ಕಾಪಿ ಮಾಡಲಾಗಲಿಲ್ಲ, ಪೆನ್ನು ಹಿಡಿದು ಬರೆದುಕೊಂಡಳು. ಮೊಬೈಲಿನಲ್ಲಿ ಅಕ್ಷರ ಸಾಸಿವೆಯಷ್ಟು. ಹಿಗ್ಗಿಸಿದರೆ ಸಾಲು ಪರದೆಯ ಆಚೆ ಹೋಗುತ್ತದೆ. ದಾನಿಗಳ ಪಟ್ಟಿಗೆ ಒಂದು ಹೆಸರು ಸೇರಿಸಬೇಕಾದರೆ ಡಿಸೈನರ್‌ಗೆ ಫೋನ್, ಅವರು ಪೋಸ್ಟರ್ ಮತ್ತೆ ಮಾಡಬೇಕು, ಪ್ರತಿ ಸಲ 500 ರೂಪಾಯಿ. ಸಾವಿರ ರೂಪಾಯಿ ದಾನ ಕೊಟ್ಟವರ ಹೆಸರು ಹಾಕಿಸಲು ಐನೂರು!

ಕೇಳಿದ್ದಕ್ಕೆ ಡಿಸೈನರ್ ಹೇಳಿದ ಕಾರಣದಲ್ಲಿ ಸ್ವಲ್ಪ ನಿಜವೂ ಇತ್ತು. ‘ಕನ್ನಡ ಫಾಂಟ್ ಎಲ್ಲರ ಫೋನಿನಲ್ಲೂ ಬರಲ್ಲ ಮೇಡಂ, ಅದಕ್ಕೇ ಇಮೇಜ್ ಮಾಡಿದ್ದು’ ಅಂದರು. ಹದಿನೈದು ವರ್ಷದ ಹಿಂದೆ ಆ ಮಾತು ಒಪ್ಪಬಹುದಿತ್ತು, ಆಗ ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಈಗ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೋ ಕನ್ನಡ ಹೀಗೆ ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಎಷ್ಟೊಂದು ಇವೆ. ಫಾಂಟನ್ನು ಸೈಟಿನ ಜೊತೆಗೇ ಕಳಿಸಬಹುದು, ನೋಡುವವರ ಫೋನಿನಲ್ಲಿ ಇರಬೇಕೆಂದೇ ಇಲ್ಲ.

ನಿಮ್ಮ ಸೈಟ್ ಹೀಗಿದೆಯಾ ಅಂತ ನೋಡಲು ಯಾವ ಪಾಂಡಿತ್ಯವೂ ಬೇಡ. ಫೋನಿನಲ್ಲಿ ತೆರೆದು ಯಾವುದಾದರೂ ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಆ ಪದ ಮಾತ್ರ ಆಯ್ಕೆಯಾದರೆ ಅದು ಬರಹ. ‘ಚಿತ್ರವನ್ನು ಡೌನ್‌ಲೋಡ್ ಮಾಡಿ’ ಎಂದು ಕೇಳಿದರೆ ಕೊನೆಯ ಕಂತು ಕೊಡಬೇಡಿ. ನಾನು ಈ ಹತ್ತು ಸೆಕೆಂಡಿನ ಕೆಲಸ ಮಾಡಿದ್ದರೆ 18,000 ಉಳಿಯುತ್ತಿತ್ತು.

ಬಣ್ಣದ ಬಗ್ಗೆಯೂ ಒಂದು ಮಾತು. ನಮ್ಮ ಸೈಟಿನಲ್ಲಿ ಬಿಳಿ ಮೋಡದ ಮೇಲೆ ಹಳದಿ ಅಕ್ಷರ ಇತ್ತು. ವೆಬ್‌ಗೆ ಅಂತಲೇ ಒಂದು ಅಳತೆ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಣ್ಣ ಕೊಟ್ಟರೆ ಲೆಕ್ಕ ಹಾಕಿ ಹೇಳುವ ಉಚಿತ ಸಾಧನಗಳಿವೆ. ಬಿಳಿ ಮೇಲಿನ ಅಚ್ಚ ಹಳದಿಗೆ ಬರುವುದು 1.1ರ ಹತ್ತಿರ. ಅಂದರೆ ಹೆಚ್ಚುಕಮ್ಮಿ ಬಿಳಿ ಮೇಲೆ ಬಿಳಿ.

ಸರಿ, ಎಲ್ಲ ಬಿಟ್ಟು ಹೊಸದಾಗಿ ಬರಹವಾಗಿಯೇ ಹಾಕೋಣ ಎಂದು ನಾನೂ ನನ್ನ ಅಣ್ಣನ ಮಗಳೂ ಕೂತೆವು. ಅಲ್ಲಿ ಇನ್ನೊಂದು ಗುಂಡಿ ಕಾದಿತ್ತು. ಶಾಲೆಯ ಇತಿಹಾಸ, ಹಳೆಯ ಶಿಕ್ಷಕರ ನೆನಪುಗಳು ಎಲ್ಲವನ್ನೂ ಡಿಟಿಪಿ ಸೆಂಟರಿನಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದು ಯುನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು ಚುಕ್ಕೆ ಮೂಡಿದ ಏನೋ ಒಂದು ಕಾಣುತ್ತದೆ. ಯುನಿಕೋಡಿಗೆ ಬದಲಾಯಿಸುವ ಸಾಧನಗಳಿವೆ, ಒಳ್ಳೆಯವೂ ಇವೆ. ನಾವು ಸಿಕ್ಕ ಮೊದಲನೆಯದಕ್ಕೆ ಹಾಕಿದೆವು. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಯಿತು. ‘ಕಾರ್ಯದರ್ಶಿ’ ಹೋಗಿ ‘ಕಾಯರ್ದಶಿರ್’ ಆಯಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇಡುತ್ತಾರೆ, ಯುನಿಕೋಡಿನಲ್ಲಿ ಉಚ್ಚಾರದ ಹಾಗೆ ‘ರ್’ ಮೊದಲು ಬರಬೇಕು. ಸಾಧನ ಅದನ್ನು ಹಿಂದಕ್ಕೆ ತಳ್ಳಲು ಮರೆತರೆ ಊರಿಗೆಲ್ಲ ಕಾಯರ್ದಶಿರ್‌ಗಳೇ.

ಅದನ್ನು ತಿದ್ದಿ ಮುಗಿಸುವಷ್ಟರಲ್ಲಿ ‘ರಾಜ್‌ಕುಮಾರ್’ ಎಂಬ ದಾನಿ ‘ರಾಜ್ಕುಮಾರ್’ ಆಗಿದ್ದರು. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು, ಒತ್ತು ಆಗದಂತೆ ತಡೆಯುವುದು ಅದೇ. ಸೈಟಿಗೆ ಹೆಸರು ತುಂಬಿಸಲು ನಾವು ಬಳಸಿದ ಫಾರ್ಮ್ ಅದನ್ನು ಕಸ ಅಂದುಕೊಂಡು ಗುಡಿಸಿಬಿಟ್ಟಿತ್ತು. ವೆಬ್‌ಸೈಟ್, ಸಾಫ್ಟ್‌ವೇರ್, ಫೇಸ್‌ಬುಕ್, ಈ ಎಲ್ಲ ಪದಗಳಿಗೂ ಅದು ಬೇಕು. ನಿಮ್ಮ ಸೈಟಿನಲ್ಲಿ ಮೊದಲು ಪರೀಕ್ಷಿಸಲು ಇಂಥ ನಾಲ್ಕು ಪದ ಇಟ್ಟುಕೊಳ್ಳಿ. ನನ್ನವು: ಕಾರ್ಯದರ್ಶಿ, ರಾಜ್‌ಕುಮಾರ್, ಸ್ತ್ರೀ, ರಾಷ್ಟ್ರ. ಕೊನೆಯ ಎರಡು ಯಾಕೆಂದರೆ ಒತ್ತಿನ ಕೆಳಗೆ ಒತ್ತು ಬರುತ್ತದೆ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟುಗಳಲ್ಲಿ ಸಾಲುಗಳ ಅಂತರ ಕಮ್ಮಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಶೀರ್ಷಿಕೆಗಳಲ್ಲಂತೂ ಒತ್ತಿನ ಬಾಲವೇ ಕತ್ತರಿಸಿ ಹೋಗುತ್ತದೆ. ಅಕ್ಷರದ ಗಾತ್ರದ 1.6 ಪಟ್ಟು ಅಂತರ ಕೊಟ್ಟ ಮೇಲೆ ನಮ್ಮದು ಉಸಿರಾಡಿತು.

ಸ್ಮರಣ ಸಂಚಿಕೆಯ ಮುಖಪುಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಶಾಲೆಯ ಫೋಟೋ 4000 ಪಿಕ್ಸೆಲ್ ಅಗಲ ಇತ್ತು. ನಾನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಹಾಗೆ ಕಳಿಸಿದೆ, ಅದು 1600ಕ್ಕೆ ಇಳಿಯಿತು. ಪುಸ್ತಕದ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂಬುದು ವಾಡಿಕೆ. ಎ4 ಅಗಲಕ್ಕೆ ಸುಮಾರು 2480 ಬೇಕು. ಹಂಚಿನ ಮಾಡು ಮಂಜು ಹಿಡಿದಂತೆ ಬಂತು. ಕೆಲವರು ಕಲಾತ್ಮಕವಾಗಿದೆ ಅಂದರು, ನಾನೂ ಸುಮ್ಮನಿದ್ದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಇದ್ದ ಹಾಗೇ ಹೋಗುತ್ತಿತ್ತು. ಪರದೆಯಲ್ಲಿ ಗಿಣಿ ಹಸಿರಾಗಿದ್ದ ಗದ್ದೆ ಕಾಗದದ ಮೇಲೆ ಒಣಗಿದ ಬಣ್ಣಕ್ಕೆ ತಿರುಗಿದ್ದೂ ಆ ಮುಖಪುಟದಲ್ಲೇ. ಪರದೆಯ ಬೆಳಕಿನಲ್ಲಿ ಸಿಗುವ ಕೆಲವು ಬಣ್ಣ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಆ ನಾಲ್ಕು ಶಾಯಿಯ ಲೆಕ್ಕಕ್ಕೆ, ಅಂದರೆ ಸಿಎಂವೈಕೆಗೆ ಬದಲಾಯಿಸಿ ಒಂದು ಹಾಳೆ ಮುದ್ರಿಸಿ ನೋಡಬೇಕಿತ್ತು.

ಈಗ ಹೊಸ ಸೈಟ್ ನಡೆಯುತ್ತಿದೆ. ನೋಡಲು ಮೊದಲಿನದರಷ್ಟು ಚಂದವಿಲ್ಲ, ಒಪ್ಪುತ್ತೇನೆ. ಬರಹ ಬರಹವಾಗಿದೆ, ಫೋಟೋಗಳು ವೆಬ್‌ಪಿ ಎಂಬ ಹಗುರ ಫೈಲ್ ರೂಪದಲ್ಲಿ ಒಂದೊಂದೂ 100 ಕೆಬಿ ಒಳಗಿವೆ, ಮುಖಪುಟ ಪೂರ್ತಿ ಸೇರಿ ಒಂದು ಎಂಬಿ ದಾಟುವುದಿಲ್ಲ. ಪ್ರತಿ ಫೋಟೋಗೂ ಒಂದು ಸಾಲಿನ ವಿವರಣೆ ಬರೆದಿದ್ದೇವೆ. ಹುಬ್ಬಳ್ಳಿಯವನು ಪೂರ್ತಿ ಕೇಳಿ, 1987ರ ಗುಂಪು ಫೋಟೋದ ವಿವರಣೆಯಲ್ಲಿ ಎಡದಿಂದ ಮೂರನೆಯವರ ಹೆಸರು ತಪ್ಪಿದೆ ಎಂದು ಹೇಳಿದ. ಫೋಟೋ ನೋಡಬಲ್ಲ ನಾವ್ಯಾರೂ ಗಮನಿಸಿರಲಿಲ್ಲ.

ಹಳೆಯ ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ ಮಾತ್ರ ಇನ್ನೂ ಆ ಡಿಸೈನರ್ ಖಾತೆಯಲ್ಲೇ ಇದೆ. ದುಡ್ಡು ನಮ್ಮದು, ಒಡೆತನ ಅವರದು. ಕೆಲಸ ಒಪ್ಪಿಸುವ ದಿನ ನಮ್ಮ ಇಮೇಲ್‌ನಲ್ಲಿ ನೋಂದಾಯಿಸಿ ಎಂದು ಒಂದು ಮಾತು ಹೇಳಲಿಲ್ಲ, ಮೂಲ ಫೈಲುಗಳನ್ನೂ ಕೇಳಿ ಇಸಿದುಕೊಳ್ಳಲಿಲ್ಲ. ಬ್ಯಾನರಿನಲ್ಲಿ, ಆಮಂತ್ರಣದಲ್ಲಿ, ಸಂಚಿಕೆಯ ಹಿಂಬದಿಯಲ್ಲಿ ಎಲ್ಲ ಕಡೆ ಮುದ್ರಿಸಿರುವುದು ಅದೇ ಹಳೆಯ ವಿಳಾಸ. ಮೂರು ಸಲ ಫೋನ್ ಮಾಡಿದ್ದೇನೆ, ‘ಮಾಡೋಣ ಮೇಡಂ’ ಅನ್ನುತ್ತಾರೆ. ನವೀಕರಣದ ದಿನ ನವೆಂಬರ್ ಎರಡನೇ ವಾರ. ಮೊದಲ ವಾರಕ್ಕೇ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ.