ಪಡುವಣಕ್ಕೆ ಗಾಜಿನ ಗೋಡೆ ಇಡಿಸಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಊರ ಹೊರಗೆ ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ‘ವ್ಯೂ ಚೆನ್ನಾಗಿದೆ, ದೊಡ್ಡ ಗ್ಲಾಸ್ ಹಾಕಿಸಿ’ ಎಂದು ಯಾರಾದರೂ ಹೇಳುತ್ತಿದ್ದರೆ.

ನಮ್ಮ ಸೈಟ್ ಕಲಬುರಗಿ ಊರಾಚೆ, ಪಡುವಣಕ್ಕೆ ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ. ಡಿಸೈನ್ ಮಾಡಿದವರು ಆ ಕಡೆ ಹಾಲ್‌ನ ಗೋಡೆ ಪೂರ್ತಿ ಗಾಜು ಇಟ್ಟರು. ‘ಬಿಸಿಲು ಬರಂಗಿಲ್ಲೇನ್ರೀ?’ ಎಂದು ಅವ್ವ ಆಗಲೇ ಕೇಳಿದ್ದಳು. ‘ಬರಲಿ ಬಿಡ್ರೀ ಅವ್ವಾರ, ಇದು ಪ್ಯಾಸಿವ್ ಸೋಲಾರ್’ ಎಂದರು. ಅದು ಚಳಿ ದೇಶದ ಲೆಕ್ಕ. ಅಲ್ಲಿ ದಕ್ಷಿಣಕ್ಕೆ ಗಾಜಿಟ್ಟು ಚಳಿಗಾಲದ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ನೆಲ, ಗೋಡೆ ಆ ಕಾವನ್ನು ಹಿಡಿದಿಟ್ಟು ರಾತ್ರಿ ಮನೆ ಬೆಚ್ಚಗಿಡುತ್ತವೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಿಗೆ ಬೇಕಾದದ್ದು ಇದರ ಉಲ್ಟಾ ಅಲ್ವಾ?

ಬೇಸಿಗೆ ಬಂತು, ಮಧ್ಯಾಹ್ನ ಮೂರಾದ ಮೇಲೆ ಹಾಲ್‌ನಲ್ಲಿ ಕೂರುವ ಹಾಗೇ ಇಲ್ಲ. ಎರಡು ಅಡಿ ಸಜ್ಜಾ ಇದೆ, ಆದರೆ ಸೂರ್ಯ ಇಳಿದ ಹಾಗೆ ಬಿಸಿಲು ಓರೆಯಾಗಿ ಅದರ ಕೆಳಗಿಂದಲೇ ನುಗ್ಗುತ್ತದೆ. ದಪ್ಪ ಪರದೆ ಹಾಕಿದೆವು. ಗಾಜು ದಾಟಿ ಬಂದ ಬಿಸಿಲಿಗೆ ಪರದೆಯೇ ಕಾದು, ಆ ಝಳ ಮನೆಯೊಳಗೇ ಉಳಿಯಿತು. ತಂಪಿರಲಿ ಅಂತ ಹಾಕಿಸಿದ ಶಹಾಬಾದ್ ಕಲ್ಲಿನ ನೆಲ ರಾತ್ರಿ ಹತ್ತಾದರೂ ಬರಿಗಾಲಿಗೆ ಬಿಸಿ ತಾಗುತ್ತಿತ್ತು. ಮೊಣಕಾಲು ನೋವಿಟ್ಟುಕೊಂಡು ಅವ್ವ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದಳು, ನನಗೆ ಅದೇ ಜಾಸ್ತಿ ಸಂಕಟ. ಡಿಸೈನ್ ಮಾಡಿದವರಿಗೆ ಫೋನ್ ಮಾಡಿದರೆ ‘ಎಸಿ ಹಾಕಿಸಿ’ ಎಂಬ ಉತ್ತರ.

ಈಗ ಹೊರಗಡೆ ಹಸಿರು ನೆಟ್ ಕಟ್ಟಿದ್ದೇವೆ. ಗಾಜಿಗೆ ತಾಗುವ ಮೊದಲೇ ಬಿಸಿಲು ನಿಲ್ಲುವುದರಿಂದ ಕಾವು ಎಷ್ಟೋ ಕಡಿಮೆ, ಹೊಲ ಮಾತ್ರ ಕಾಣುವುದಿಲ್ಲ. ಗಾಜಿಗೆ ಸುರಿದ ದುಡ್ಡು ಸುಮ್ನೆ ಹೋಯಿತು.

ನೋಟ ಬೇಡ ಅಂತಲ್ಲ. ಉತ್ತರಕ್ಕಿದ್ದರೆ ದೊಡ್ಡ ಕಿಟಕಿ ಇಡಿ, ಬೇಸಿಗೆಯ ಬೆಳಿಗ್ಗೆ, ಸಂಜೆ ಬೀಳುವ ಸ್ವಲ್ಪ ಬಿಸಿಲಿಗೆ ಪಕ್ಕದಲ್ಲಿ ಒಂದು ಅಡ್ಡಗೋಡೆ ಸಾಕು. ದಕ್ಷಿಣಕ್ಕೆ ಸಜ್ಜಾ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಸಿಗೆಯ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಪಡುವಣಕ್ಕಾದರೆ ಕೂತಾಗ ಕಣ್ಣಿಗೆ ಸಮನಾಗುವ ಒಂದು ಚಿಕ್ಕ ಕಿಟಕಿ, ಅದರ ಮುಂದೆ ಅಗಲವಾದ ಪಡಸಾಲೆ, ಬಿದಿರಿನ ಚಿಕ್ (ಕಡ್ಡಿ ಪರದೆ) ಇಳಿಬಿಡಲು ಕೊಕ್ಕೆ. ಹೊತ್ತು ಮುಳುಗುವಾಗ ಪಡಸಾಲೆಯಲ್ಲೇ ಕುರ್ಚಿ ಹಾಕಿ ಕೂತರಾಯಿತು.

ಪ್ಲಾನ್ ಕೈಗೆ ಬಂದಾಗ ಉತ್ತರದ ಬಾಣ ಎಲ್ಲಿದೆ ಮೊದಲು ನೋಡಿ. ಮೇ ತಿಂಗಳ ಸಂಜೆ ನಾಲ್ಕರ ಬಿಸಿಲು ಎಲ್ಲಿಯವರೆಗೆ ಒಳಗೆ ಬರುತ್ತದೆ ಎಂದು ಡ್ರಾಯಿಂಗ್ ಮೇಲೇ ಗೆರೆ ಎಳೆದು ತೋರಿಸಲು ಹೇಳಿ. ತೋರಿಸದಿದ್ದರೆ ಗಾಜಿಗೆ ಅಡ್ವಾನ್ಸ್ ಕೊಡಬೇಡಿ.