ದೋಣಿಯ ಡೀಸೆಲ್ ಟ್ಯಾಂಕಿನ ಲೋಳೆಗೆ ಕಿಣ್ವದ ಬಾಟಲಿ: ಎರಡು ವರ್ಷ ಬಳಸಿ ನೋಡಿದ ಮೇಲೆ

ಅಲೆಗಳು ತುಸು ಏರಿದ್ದ ಒಂದು ಮಧ್ಯಾಹ್ನ ನನ್ನ ದೋಣಿಯ ಎಂಜಿನ್ ಮೊದಲು ಉಸಿರು ಕಟ್ಟಿದಂತೆ ತಗ್ಗಿ, ಮತ್ತೆ ಚೇತರಿಸಿಕೊಂಡು, ಹತ್ತು ನಿಮಿಷದೊಳಗೆ ಪೂರ್ತಿ ನಿಂತುಹೋಯಿತು. ಫಿಲ್ಟರಿನ ಗಾಜಿನ ಬಟ್ಟಲನ್ನು ಬಿಚ್ಚಿ ನೋಡಿದಾಗ ತಳದಲ್ಲಿ ಎರಡು ಬೆರಳಿನಷ್ಟು ನೀರು, ಅದರ ಮೇಲೆ ಕಂದುಗಪ್ಪು ಲೋಳೆ, ಫಿಲ್ಟರ್ ಕಾಗದದ ಮಡಿಕೆಗಳ ತುಂಬ ನೆನೆದ ತೊಗಲಿನಂತಹ ಚೂರುಗಳು ಕಂಡವು. ತಿಕ್ಕಿದರೆ ಬೆರಳು ಜಾರುತ್ತಿತ್ತು. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆದದ್ದನ್ನು ಆ ದಿನದ ಹೊಯ್ದಾಟ ಕದಡಿ ಮೇಲೆ ತಂದಿತ್ತು. ಅಂದಿನಿಂದ ಎರಡು ವರ್ಷ ಕಿಣ್ವ ಆಧಾರಿತ ಇಂಧನ ಸೇರ್ಪಡೆಯೊಂದನ್ನು ಜಾಡಿಗಳಲ್ಲಿಯೂ ಟ್ಯಾಂಕಿನಲ್ಲಿಯೂ ಬಳಸಿ ನೋಡಿದ್ದೇನೆ. ಈ ವಿಮರ್ಶೆ ಆ ಬಳಕೆಯ ಮೇಲೆ ನಿಂತದ್ದು.

ಸೂಕ್ಷ್ಮಜೀವಿಗಳಿಗೆ ಡೀಸೆಲ್ ಊಟವಾದರೆ ನೀರು ಮನೆ. ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಮೂರೂ ಕೂಡಿ, ನೀರೂ ಎಣ್ಣೆಯೂ ಸಂಧಿಸುವ ಗೆರೆಯಲ್ಲಿ ಬೀಡುಬಿಡುತ್ತವೆ. ಇವುಗಳಲ್ಲಿ ಹೆಸರಾದದ್ದು ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರ. ಸೀಮೆಎಣ್ಣೆಯ ಬೂಷ್ಟು ಎಂದು ಅದಕ್ಕೆ ಅಡ್ಡಹೆಸರೂ ಇದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆ ರಾತ್ರಿಯ ತಂಪಿಗೆ ಬೆವರುತ್ತದೆ, ಗಾಳಿಕೊಳವೆಯಿಂದ ತೇವ ಒಳಗೆ ಬರುತ್ತದೆ, ಡೆಕ್ಕಿನ ಮೇಲಿನ ಮುಚ್ಚಳದ ರಬ್ಬರ್ ಉಂಗುರ ಸವೆದರೆ ಪ್ರತಿ ಮಳೆಯೂ ಒಂದಿಷ್ಟು ನೀರನ್ನು ಇಳಿಸುತ್ತದೆ. ಬಯೋಡೀಸೆಲ್ ಬೆರೆತ ಇಂಧನವಂತೂ ತೇವವನ್ನು ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಯುರೋಪಿನ ಇಎನ್ 590 ಮಾನದಂಡವು ಶೇಕಡಾ 7ರವರೆಗಿನ ಬೆರಕೆಗೆ ಅವಕಾಶ ಕೊಟ್ಟಿದೆ. ಈ ಜೀವಿಗಳು ತಮ್ಮ ಸುತ್ತ ಪಾಲಿಸ್ಯಾಕರೈಡ್ (ಸಕ್ಕರೆಯ ಅಣುಗಳು ಕೂಡಿದ ಉದ್ದ ಸರಪಳಿ) ಮತ್ತು ಪ್ರೋಟೀನುಗಳ ಅಂಟನ್ನು ಸ್ರವಿಸಿ ಪದರ ಕಟ್ಟಿಕೊಳ್ಳುತ್ತವೆ, ಮತ್ತು ಫಿಲ್ಟರಿನ ಬಾಯಿ ಕಟ್ಟುವುದರಲ್ಲಿ ಈ ಅಂಟಿನ ಪಾಲು ದೊಡ್ಡದು. ಪದರದ ಅಡಿಯಲ್ಲಿ ಆಮ್ಲಜನಕ ತೀರಿದ ಜಾಗದಲ್ಲಿ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಮೊಟ್ಟೆಯ ವಾಸನೆ ಅದರದ್ದು. ಲೋಹದ ಟ್ಯಾಂಕಿನ ತಳದಲ್ಲಿ ಸಣ್ಣ ಸಣ್ಣ ಗುಳಿ ಬೀಳುವುದಕ್ಕೂ ಅದು ಕಾರಣವಾಗಬಲ್ಲದು.

ಇದಕ್ಕೆ ರೂಢಿಯ ಮದ್ದು ಬಯೋಸೈಡ್, ಅಂದರೆ ಜೀವಿಗಳನ್ನು ಕೊಲ್ಲುವ ರಾಸಾಯನಿಕ. ಅದು ಕೊಲ್ಲುತ್ತದೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸತ್ತ ಲೋಳೆ ಎಲ್ಲಿಗೂ ಹೋಗುವುದಿಲ್ಲ. ಕಳಚಿ ಬಿದ್ದ ಅದೇ ಮಡ್ಡಿ ಮರುದಿನ ಫಿಲ್ಟರಿಗೆ ಬಂದು ಕೂರುತ್ತದೆ. ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿಯಾದ ಈ ದ್ರವವನ್ನು ಅಳತೆ ತಪ್ಪಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಯಾನದಲ್ಲೇ ಉದಾಹರಣೆಯಿದೆ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಿಂದ ಮೇಲೇರಿದ ಏರ್‌ಬಸ್ ಎ321 ವಿಮಾನವೊಂದರ ಎಂಜಿನ್‌ಗಳು ಕೈಕೊಡತೊಡಗಿ ಅದು ಹಿಂದಿರುಗಬೇಕಾಯಿತು. ಶಿಫಾರಸಿಗಿಂತ ಸುಮಾರು 38 ಪಟ್ಟು ಬಯೋಸೈಡ್ ಇಂಧನಕ್ಕೆ ಸೇರಿತ್ತೆಂದು ತನಿಖೆ ಕಂಡುಕೊಂಡಿತು. ಕೊಲ್ಲದೆ ಕರಗಿಸುತ್ತೇನೆ ಎನ್ನುವ ಕಿಣ್ವದ ಬಾಟಲಿಯತ್ತ ನನ್ನ ಮನಸ್ಸು ವಾಲಿದ್ದು ಈ ಎರಡು ಕಾರಣಗಳಿಂದ.

ಬಾಟಲಿಯ ಮೇಲಿನ ಮಾತು ಆಕರ್ಷಕವಾಗಿದೆ. ಕಿಣ್ವಗಳು ಲೋಳೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆಯುತ್ತವೆ, ಆ ಕಣಗಳು ಇಂಧನದೊಂದಿಗೆ ಎಂಜಿನ್‌ನಲ್ಲಿ ಉರಿದುಹೋಗುತ್ತವೆ, ಹೀಗಾಗಿ ಟ್ಯಾಂಕನ್ನು ಖಾಲಿ ಮಾಡುವ ಅಗತ್ಯವೇ ಇಲ್ಲ ಎಂಬುದು ಅದರ ಸಾರಾಂಶ. ಇದರ ಮೊದಲರ್ಧಕ್ಕೆ ವಿಜ್ಞಾನದ ಆಧಾರವಿದೆ. ಇಂಥ ಕಿಣ್ವವೆಂದರೆ ಒಂದು ನಿರ್ದಿಷ್ಟ ಬಂಧವನ್ನು ಕತ್ತರಿಸುವ ಪ್ರೋಟೀನು. ಕೆಲಸ ಮಾಡಿಯೂ ತಾನು ಸವೆಯದೆ ಉಳಿಯುವುದರಿಂದ ಸ್ವಲ್ಪವೇ ಸಾಕು. ಪಾಲಿಸ್ಯಾಕರೈಡ್ ಸರಪಳಿಯನ್ನು ಕತ್ತರಿಸುವ ಕಿಣ್ವ ಬೇರೆ, ಪ್ರೋಟೀನನ್ನು ಕತ್ತರಿಸುವುದು ಬೇರೆ, ಕೊಬ್ಬನ್ನು ಕತ್ತರಿಸುವ ಲೈಪೇಸ್ ಬೇರೆ. ಬಟ್ಟೆ ಒಗೆಯುವ ಪುಡಿಯಲ್ಲಿ ನಾವು ದಿನವೂ ಬಳಸುವುದೂ ಇಂಥವನ್ನೇ. ಆದರೆ ಅಂಟಿನ ಸರಪಳಿಗಳನ್ನು ಕತ್ತರಿಸುವ ಈ ಕ್ರಿಯೆಗೆ ನೀರು ಬೇಕು, ಹದವಾದ ಬಿಸಿ ಬೇಕು, ಆಮ್ಲೀಯತೆ ಒಂದು ಮಿತಿಯೊಳಗಿರಬೇಕು. ಹೀಗಾಗಿ ಡೀಸೆಲ್‌ನಲ್ಲಿ ತೇಲುತ್ತಿರುವ ಕಿಣ್ವಕ್ಕೆ ಕೆಲಸ ಸಿಗುವುದು ನೀರಿನ ಗೆರೆಯ ಹತ್ತಿರ ಮಾತ್ರ. ಅಲ್ಲಿ ಅದು ಜೀವಿಯ ಮನೆಯನ್ನು ಕೆಡವಬಹುದು. ಜೀವಿ ಮತ್ತೆ ಮನೆ ಕಟ್ಟದಂತೆ ತಡೆಯಲಾರದು.

ಇದನ್ನು ಕಣ್ಣಾರೆ ನೋಡಬೇಕೆಂದು ಒಂದೊಂದು ಲೀಟರಿನ ಮೂರು ಗಾಜಿನ ಜಾಡಿಗಳನ್ನು ತೆಗೆದುಕೊಂಡೆ. ಮೂರಕ್ಕೂ ಟ್ಯಾಂಕಿನ ತಳದಿಂದ ಎಳೆದ ಡೀಸೆಲ್, ತಳದ್ದೇ ನೀರು, ಒಂದೊಂದು ಚಮಚ ಲೋಳೆ ಸಮನಾಗಿ ಹಾಕಿ, ನೀರಿನ ಮಟ್ಟಕ್ಕೆ ಬಳಪದಿಂದ ಗೆರೆ ಎಳೆದೆ. ಮೊದಲನೆಯದಕ್ಕೆ ಏನನ್ನೂ ಬೆರೆಸಲಿಲ್ಲ. ಎರಡನೆಯದಕ್ಕೆ ಲೇಬಲ್ ಹೇಳಿದ ದೊಡ್ಡ ಪ್ರಮಾಣದಲ್ಲಿ ಕಿಣ್ವದ ಸೇರ್ಪಡೆ, ಮೂರನೆಯದಕ್ಕೆ ಕಿಣ್ವವಿಲ್ಲದ, ಇಂಧನ ವ್ಯವಸ್ಥೆಯನ್ನು ಶುಚಿಗೊಳಿಸುವ ಸಾಮಾನ್ಯ ಸೇರ್ಪಡೆ ಹಾಕಿ, ಮೂರನ್ನೂ ಬಿಸಿಲು ಬೀಳದ ಜಾಗದಲ್ಲಿ ಇಟ್ಟೆ. ಮೂರನೆಯ ಜಾಡಿಯೇ ಈ ಪ್ರಯೋಗದ ಜೀವಾಳ, ಏಕೆಂದರೆ ಎರಡನೆಯದರಲ್ಲಿ ಕಂಡ ಬದಲಾವಣೆ ನಿಜಕ್ಕೂ ಕಿಣ್ವದ್ದೇ, ಅಥವಾ ಅದರ ಜೊತೆಗಿರುವ ದ್ರಾವಕದ್ದೇ ಎಂದು ಕೇಳಲು ಬೇರೆ ದಾರಿ ನನಗಿರಲಿಲ್ಲ.

ನಾಲ್ಕನೆಯ ದಿನ ಎರಡನೆಯ ಜಾಡಿಯನ್ನು ಮೆಲ್ಲಗೆ ವಾಲಿಸಿದೆ. ಮೊದಲು ಹಾಲಿನ ಕೆನೆಯಂತೆ ಒಂದೇ ಹಾಳೆಯಾಗಿ ಏಳುತ್ತಿದ್ದ ಪದರ ಈಗ ಅಂಚಿನಿಂದ ಹರಿದು, ಒದ್ದೆ ಹತ್ತಿಯ ಎಳೆಗಳಂತೆ ಬಿಡಿಬಿಡಿಯಾಗಿ ತೇಲಿತು. ಹತ್ತನೆಯ ದಿನದ ಹೊತ್ತಿಗೆ ಎಳೆಗಳು ಪುಡಿಯಾಗಿ ನೀರಿನ ತಳಕ್ಕೆ ಇಳಿದಿದ್ದವು. ಮೇಲಿನ ಡೀಸೆಲ್ ಮೊದಲಿಗಿಂತ ತಿಳಿಯಾಗಿತ್ತು. ಏನೂ ಹಾಕದ ಜಾಡಿಯಲ್ಲಿ ಪದರ ದಪ್ಪಗಾಗಿ ಗಾಜಿಗೆ ಅಂಟಿಕೊಂಡಿತ್ತು. ಇಷ್ಟರಲ್ಲೇ ನಿಲ್ಲಿಸಿದ್ದರೆ ಈ ವಿಮರ್ಶೆ ಬರೀ ಹೊಗಳಿಕೆಯಾಗುತ್ತಿತ್ತು. ಆದರೆ ಮೂರನೆಯ ಜಾಡಿಯಲ್ಲಿಯೂ ಪದರ ಒಡೆದಿತ್ತು. ಚೂರುಗಳು ಒರಟಾಗಿದ್ದವು, ಡೀಸೆಲ್ ಅಷ್ಟು ತಿಳಿಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ನನಗೆ ಕಂಡ ಫಲದ ಒಂದು ಭಾಗವನ್ನು ದ್ರಾವಕದ ಲೆಕ್ಕಕ್ಕೆ ಬರೆಯಲೇಬೇಕು. ಮೂರು ವಾರದ ಬಳಿಕವೂ ನೀರಿನ ಮಟ್ಟ ಬಳಪದ ಗೆರೆಯಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಕೊನೆಗೆ ಮೂರೂ ಜಾಡಿಗಳ ನೀರನ್ನು ಜೆಲ್ಲಿನಲ್ಲಿ ಸೂಕ್ಷ್ಮಜೀವಿ ಬೆಳೆಸಿ ತೋರಿಸುವ ಕಿಟ್‌ಗೆ ಹಾಕಿದಾಗ ಮೂರರಲ್ಲಿಯೂ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದವು. ಲೋಳೆ ಒಡೆದಿತ್ತು, ಜೀವ ಹಾಗೆಯೇ ಇತ್ತು.

ಇಂಥ ಕಿಟ್ ಇಲ್ಲದೆ ಯಾರೂ ಯಾವ ಸೇರ್ಪಡೆಯ ಬಗ್ಗೆಯೂ ತೀರ್ಪು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜೆಲ್ಲಿನಲ್ಲಿ ಬೆಳೆಸಿ ಎಣಿಸುವ ವಿಧಾನಕ್ಕೆ ಎಎಸ್‌ಟಿಎಂ ಡಿ7978 ಎಂಬ ಮಾನದಂಡವಿದೆ. ಜೀವಕೋಶಗಳಲ್ಲಿ ಶಕ್ತಿಯನ್ನು ಸಾಗಿಸುವ ಎಟಿಪಿ ಎಂಬ ಅಣುವನ್ನು ಅಳೆದು ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ವಿಧಾನಕ್ಕೆ ಡಿ7687 ಇದೆ. ಮಾದರಿಯನ್ನು ಟ್ಯಾಂಕಿನ ತೀರಾ ತಳದಿಂದಲೇ ತೆಗೆಯಬೇಕು, ಏಕೆಂದರೆ ನಡುಮಟ್ಟದ ಡೀಸೆಲ್ ಅದೆಷ್ಟೇ ಕೆಟ್ಟ ಟ್ಯಾಂಕಿನಲ್ಲಿಯೂ ಶುದ್ಧವಾಗಿ ಕಾಣಬಲ್ಲದು.

ಇನ್ನು ಟ್ಯಾಂಕಿನ ವಿಚಾರ. ಮೊದಲ ವರ್ಷ ತಳ ತೊಳೆಯದೆಯೇ, ಲೇಬಲ್ಲನ್ನು ನಂಬಿ, ಸೇರ್ಪಡೆ ಸುರಿದೆ. ಎರಡು ವಾರಗಳಲ್ಲಿ ಮೂರು ಫಿಲ್ಟರ್ ಬದಲಿಸಬೇಕಾಯಿತು. ಒಡೆದ ಲೋಳೆ ಕಾಣದಷ್ಟು ಸಣ್ಣದಾಗುವ ಮೊದಲು ಫಿಲ್ಟರ್ ಕಟ್ಟುವಷ್ಟು ಸಣ್ಣದಾಗುತ್ತದೆ, ಮತ್ತು ಆ ನಡುವಿನ ಅವಧಿಯೇ ಸಮುದ್ರದಲ್ಲಿ ಅಪಾಯದ್ದು. ಎರಡನೆಯ ವರ್ಷ ಟ್ಯಾಂಕನ್ನು ಖಾಲಿ ಮಾಡಿಸಿ, ತಪಾಸಣೆಯ ಮುಚ್ಚಳ ತೆಗೆದು, ಒಳಗಿನ ಅಡ್ಡಗೋಡೆಗಳ ಮೂಲೆಗಳನ್ನು ಕೈಯಿಂದ ಒರೆಸಿ, ಹಳೆಯ ಡೀಸೆಲ್ಲನ್ನು ಫಿಲ್ಟರುಗಳ ಮೂಲಕ ಮತ್ತೆ ಮತ್ತೆ ಹರಿಸಿ ಶುದ್ಧಮಾಡಿಸಿದೆ, ಡೆಕ್ಕಿನ ಮುಚ್ಚಳಕ್ಕೆ ಹೊಸ ರಬ್ಬರ್ ಉಂಗುರ ಹಾಕಿದೆ. ಆಮೇಲೆ ಅದೇ ಸೇರ್ಪಡೆಯನ್ನು ಪ್ರತಿ ಸಲ ಇಂಧನ ತುಂಬುವಾಗ ಸಣ್ಣ ಪ್ರಮಾಣದಲ್ಲಿ ಬಳಸಿದೆ. ಆ ವರ್ಷವಿಡೀ ಒಂದೇ ಫಿಲ್ಟರ್ ಸಾಕಾಯಿತು. ಇದರ ಶ್ರೇಯಸ್ಸಿನಲ್ಲಿ ಹೆಚ್ಚಿನ ಪಾಲು ಒರೆಸಿದ ಕೈಗೂ ಹೊಸ ಉಂಗುರಕ್ಕೂ ಸಲ್ಲಬೇಕೆಂದೇ ನಾನು ನಂಬುತ್ತೇನೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೆಲವು ಸೇರ್ಪಡೆಗಳು ನೀರನ್ನು ಸಣ್ಣ ಹನಿಗಳಾಗಿಸಿ ಡೀಸೆಲ್‌ನಲ್ಲಿಯೇ ಬೆರೆಸಿಬಿಡುತ್ತವೆ, ಅದನ್ನೇ ಗುಣವೆಂದು ಹೇಳಿಕೊಳ್ಳುತ್ತವೆ. ಹಳೆಯ ಕಾಲದ ಎಂಜಿನ್ ಇದನ್ನು ತಕ್ಕಮಟ್ಟಿಗೆ ಸಹಿಸೀತು. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ದುಡಿಯುವ ಕಾಮನ್ ರೈಲ್ ಎಂಬ ಹೊಸ ಬಗೆಯ ಎಂಜಿನ್‌ನ ಇಂಜೆಕ್ಟರ್ (ಇಂಧನ ಸಿಂಪಡಿಸುವ ಸಾಧನ), ಕೆಲವೇ ಮೈಕ್ರಾನ್ ಸಂದಿನಲ್ಲಿ ಡೀಸೆಲ್‌ನ ಜಿಡ್ಡನ್ನೇ ನಂಬಿ ಚಲಿಸುವ ಭಾಗ, ನೀರಿನ ಹನಿಗೆ ಬೇಗ ಸವೆಯುತ್ತದೆ. ಮೇಲಾಗಿ ಬೆರೆತ ನೀರನ್ನು ಫಿಲ್ಟರ್ ಬಟ್ಟಲು ಬೇರ್ಪಡಿಸಲಾರದು. ಜಾಡಿಯಲ್ಲಿ ನೀರಿನ ಗೆರೆ ಅಲುಗದೆ ನಿಂತದ್ದರಿಂದ ನನ್ನ ಬಾಟಲಿ ಈ ತಪ್ಪು ಮಾಡುವುದಿಲ್ಲವೆಂದು ತಿಳಿಯಿತು. ಅದು ನನಗೆ ನಿಜಕ್ಕೂ ಸಮಾಧಾನ ತಂದ ಸಂಗತಿ.

ತಯಾರಕರ ಬಗ್ಗೆ ಒಂದು ದೂರಿದೆ. ಬಾಟಲಿಯಲ್ಲಿರುವುದು ಯಾವ ಕಿಣ್ವ ಎಂಬುದು ಲೇಬಲ್‌ನಲ್ಲಿ ಇಲ್ಲ, ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದೂ ಇಲ್ಲ. ಪ್ರೋಟೀನು ಬಿಸಿಗೆ ಕೆಡುವ ವಸ್ತು. ಬೇಸಿಗೆಯಲ್ಲಿ ಎಂಜಿನ್ ಕೋಣೆಯಲ್ಲಿ ಇಟ್ಟ ಬಾಟಲಿಯಲ್ಲಿ ಏನು ಉಳಿದಿರುತ್ತದೆಂದು ಕೊಳ್ಳುವವನಿಗೆ ತಿಳಿಯಬೇಡವೇ? ನಾನು ಪತ್ರ ಬರೆದು ಕೇಳಿದೆ, ಬಂದ ಉತ್ತರದಲ್ಲಿ ಲೇಬಲ್‌ನ ಸಾಲುಗಳೇ ಮತ್ತೆ ಇದ್ದವು. ಅನೇಕ ದೇಶಗಳಲ್ಲಿ ಜೀವಿಗಳನ್ನು ಕೊಲ್ಲುತ್ತದೆ ಎಂದು ಹೇಳಿ ಮಾರುವ ಸೇರ್ಪಡೆ ಸರ್ಕಾರದ ನೋಂದಣಿ ಪಡೆಯಬೇಕು. ಕರಗಿಸುತ್ತದೆ, ಚದುರಿಸುತ್ತದೆ ಎಂಬ ಪದಗಳನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈಗಾಗಲೇ ವಾಸನೆ ಬರುತ್ತಿರುವ, ಲೋಳೆ ಕಟ್ಟಿರುವ ಟ್ಯಾಂಕಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಮೊದಲು ನೀರು ತೆಗೆಯಿರಿ, ತಳ ಒರೆಸಿರಿ, ಬೆಳವಣಿಗೆ ಹೆಚ್ಚಿದ್ದರೆ ಅಳತೆ ತಪ್ಪದೆ ಬಯೋಸೈಡ್ ಬಳಸಿರಿ. ಬಯೋಸೈಡನ್ನೂ ಕಿಣ್ವವನ್ನೂ ಒಮ್ಮೆಗೇ ಸುರಿಯಬೇಡಿ. ಐಸೊಥಿಯಾಜೊಲಿನೋನ್ ಬಗೆಯ ಬಯೋಸೈಡ್ ಪ್ರೋಟೀನುಗಳ ಮೇಲೆಯೇ ಎರಗುವಂಥದ್ದು, ಕಿಣ್ವವೂ ಪ್ರೋಟೀನೇ. ಶುಚಿಯಾದ ಟ್ಯಾಂಕಿನಲ್ಲಿ ಪದರ ಮತ್ತೆ ಗಟ್ಟಿಯಾಗದಂತೆ ನೋಡಿಕೊಳ್ಳುವ ಸಹಾಯಕನಾಗಿ ಇದಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮುಂದಿನ ವರ್ಷಕ್ಕೆ ಇನ್ನೊಂದು ಬಾಟಲಿ ಕೊಂಡಿದ್ದೇನೆ. ಅದಕ್ಕಿಂತ ಮೊದಲು ಟ್ಯಾಂಕಿನ ತಳಕ್ಕೆ ನೀರು ಹೊರಬಿಡುವ ನಲ್ಲಿಯೊಂದನ್ನು ಕೂರಿಸಿದ್ದೇನೆ, ಪ್ರತಿ ಪ್ರಯಾಣದ ಮುನ್ನ ಅದರಿಂದ ಒಂದು ಲೋಟ ಬಸಿದು ಬೆಳಕಿಗೆ ಹಿಡಿದು ನೋಡುತ್ತೇನೆ.