ಹಿತ್ತಾಳೆ ಕೆಲಸ ಚೆನ್ನ, ಹೆಸರು ಮಾತ್ರ ಅರ್ಧ

ತುಮಕೂರಿನ ಎಂ.ಜಿ. ರಸ್ತೆ ಕಡೆ ಒಂದು ನೇಮ್ ಪ್ಲೇಟ್ ಅಂಗಡಿ. ಹೆಸರು ಬೇಡ ಬಿಡಿ. ಭಾವನ ಹೊಸ ಮನೆಗೆ ಹಿತ್ತಾಳೆ ಫಲಕ ಮಾಡಿಸಿದೆ. 12 ಇಂಚು, 900 ರೂಪಾಯಿ. ಚೀಟಿಯಲ್ಲಿ 'ಅಬ್ದುರ್ ರಹಮಾನ್' ಅಂತ ಬರೆದುಕೊಟ್ಟಿದ್ದೆ. ಬಂದದ್ದು ಬರೀ 'ರಹಮಾನ್'.

"ಜಾಗ ಸಾಲಲಿಲ್ಲ ಸಾರ್. ಎಲ್ಲರೂ ಹಾಗೇ ಕರೀತಾರಲ್ವಾ?" ಅಂದ ಹುಡುಗ.

ಕರೀತಾರೆ, ನಿಜ. ಆದರೆ ಅದು ಅಲ್ಲಾಹನ 99 ಹೆಸರುಗಳಲ್ಲಿ ಒಂದು. 'ಅಬ್ದ್' ಅಂದರೆ ದಾಸ. ಎರಡೂ ಸೇರಿದರೆ ಪರಮ ಕರುಣಾಮಯಿಯ ದಾಸ. ರಾಮದಾಸ ಅಂತ ಇಲ್ವಾ, ಹಾಗೆ. ದಾಸನನ್ನು ತೆಗೆದರೆ ಉಳಿಯುವುದು ದೇವರ ಹೆಸರು. ಅದನ್ನು ಭಾವನ ಬಾಗಿಲಿಗೆ ಹೊಡೆಯುವುದು ಹೇಗೆ? ಕರೀಮ್, ರಹೀಮ್ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವು ಮನುಷ್ಯರ ಗುಣಕ್ಕೂ ಹೇಳುವ ಮಾತುಗಳು.

"ಹಾಗಾದ್ರೆ ಸುಮ್ನೆ 'ಅಬ್ದುಲ್' ಅಂತ ಹಾಕ್ಲಾ?" ಅಂದ. ದಾಸ ಅಂತ ಹೇಳಿ ಯಾರ ದಾಸ ಅನ್ನುವುದನ್ನೇ ನುಂಗಿದ ಹಾಗೆ ಅದು! ಅಲ್ಲದೆ 'ರ' ಎದುರು ಬಂದರೆ ಅರಬ್ಬಿಯಲ್ಲಿ 'ಲ್' ಕರಗಿ 'ಅಬ್ದುರ್' ಆಗುತ್ತದೆ. 'ಕ' ಬಂದರೆ ಉಳಿಯುತ್ತದೆ, ಅಬ್ದುಲ್ ಕರೀಮ್.

ಮಾಲೀಕರು ಪೂರ್ತಿ ಕೇಳಿಸಿಕೊಂಡರು. ಜಾಸ್ತಿ ದುಡ್ಡು ಕೇಳದೆ ಎರಡು ಸಾಲಲ್ಲಿ ಹೊಸದಾಗಿ ಕೆತ್ತಿಸಿದರು. ಅಕ್ಷರ ಆಳವಾಗಿದೆ, ಕಪ್ಪು ಬಣ್ಣ ಎಲ್ಲೂ ಹರಡಿಲ್ಲ. ನಾಲ್ಕು ದಿನ ತಡ. ಸ್ಕ್ರೂ ಕೊಡಲ್ಲ, ನೀವೇ ತಗೊಂಡು ಹೋಗಿ.